ಎಡಗಡೆಯ ಮಡ್‌ಗಾರ್ಡು

ಚಿಂತಾಮಣಿಯಲ್ಲಿ, ಕೋಲಾರದ ರಸ್ತೆಗೆ ಮುಖ ಮಾಡಿ,
ಪಂಕ್ಚರ್ ಅಂಗಡಿಗೂ ಟೊಮೆಟೊ ಮಂಡಿಯ ಗೋಡೆಗೂ ನಡುವೆ
ಸಿಕ್ಕಿಕೊಂಡ ತಗಡಿನ ಸೂರು. ಫಕ್ರು ಮೇಸ್ತ್ರಿಯ ಟಿಂಕರಿಂಗು.
ಬೋರ್ಡಿಲ್ಲ. ಸದ್ದೇ ಬೋರ್ಡು.

ಸೂರಿನಾಚೆ ನೆಲದಲ್ಲಿ ಹೂತ ಹುಣಸೆ ಕೊರಡು, ಮೊಣಕಾಲೆತ್ತರ,
ನೆತ್ತಿಯಲ್ಲೊಂದು ಗುಳಿ.
ಅವರಪ್ಪ ಬಡಿದದ್ದು, ಇವರು ಬಡಿದದ್ದು, ಈಗ ನಾನು.
ಭಾನುವಾರ ರಜ. ಹಿಂದಿನ ರಾತ್ರಿ ನಾಲ್ಕು ಹನಿ ಬಿದ್ದಿದ್ದರೆ
ಗುಳಿಯ ನೀರಿಗೆ ಕಾಗೆಯೊಂದು ಬಂದು
ಕತ್ತು ಕೊಂಕಿಸಿ ಕುಡಿದು ಹೋಗುತ್ತದೆ.

ಹಲ್ಲಿನ ಡಾಕ್ಟರು ಸುಧೀಂದ್ರರ ಹಳೇ ಫಿಯೆಟ್ಟು.
ಅಗಲದ ಟಯರು ಹಾಕಿಸಿದ್ದಾರೆ, ಅದು ಬಾಡಿಯಿಂದಾಚೆ
ನಾಲಿಗೆ ಚಾಚಿಕೊಂಡಿದೆ.
‘ಇದರ ಮೇಲೆ ಉಬ್ಬಿದ ಮಡ್‌ಗಾರ್ಡು ಬೇಕು ಮೇಸ್ತ್ರಿ,
ರೇಸ್ ಗಾಡಿಗಿರುತ್ತಲ್ಲ’ ಎಂದು ಫೋನು ಮುಂದೆ ಹಿಡಿದರು.
ಮೇಸ್ತ್ರಿ ಫೋಟೊ ನೋಡಲಿಲ್ಲ.
ಟಯರಿನ ಸುತ್ತ ಒಮ್ಮೆ ಗಾಳಿಯಲ್ಲಿ ಅಂಗೈ ಆಡಿಸಿದರು,
ಅಲ್ಲಿ ಆಗಲೇ ಏನೋ ಇದ್ದ ಹಾಗೆ.

ಟೊಮೆಟೊ ಬಾಕ್ಸಿನ ರಟ್ಟು ಕೊಯ್ದು ಮಾದರಿ.
ಇಪ್ಪತ್ತು ಗೇಜಿನ ಶೀಟಿಗೆ ಸೀಮೆಸುಣ್ಣದ ಗೆರೆ.
ಆಮೇಲೆ ಗುಳಿ, ಆಮೇಲೆ ಮರದ ಕೊಡತಿ.
ದಬ್. ದಬ್. ದಬ್.
ನಡು ತಗ್ಗಿದಂತೆಲ್ಲ ಅಂಚಿಗೆ ನೆರಿಗೆ ಬೀಳುತ್ತದೆ
ಹೊಸ ಲಂಗದ ಹಾಗೆ; ನನಗೆ ಎದೆ ಹೊಡೆದುಕೊಳ್ಳುತ್ತದೆ.
‘ಬೀಳ್ಲಿ ಬಿಡೋ ಮುನಿವೆಂಕಟ.
ಜಾಸ್ತಿ ಆಗಿದ್ದನ್ನ ಕತ್ತರಿಸಿದ್ರೆ ದರ್ಜಿ ಕೆಲ್ಸ.
ಅದರೊಳಗೇ ಅರಗಿಸಿದ್ರೆ ನಮ್ಮ ಕೆಲ್ಸ.’

ಗ್ಯಾಸಿನ ಉರಿ ಮುಟ್ಟಿಸಿದರೆ ತಗಡು
ಮೊದಲು ಗೋಧಿ, ಆಮೇಲೆ ನೇರಳೆ, ಆಮೇಲೆ
ಹೆಸರಿಲ್ಲದ ಒಂದು ನೀಲಿ.
ಹಸಿ ಗೋಣಿ ಒತ್ತಿದಾಗ ಚುಂಯ್ ಎಂದು ಕುಗ್ಗುತ್ತದೆ.
ಅಂಚಿಗೆ ತಂತಿ ಇಟ್ಟು ಮಡಚಿ, ಅಡಿಯಲ್ಲಿ ಡಾಲಿ ಕೊಟ್ಟು
ಮೇಲಿಂದ ನುಣ್ಣನೆಯ ಸುತ್ತಿಗೆ. ಆಗ ದಬ್ ಹೋಗಿ
ಠಣ್ ಬರುತ್ತದೆ. ಠಣ್ ಬಂದರೆ ಗಟ್ಟಿ.
ಮೇಸ್ತ್ರಿಗೆ ಆ ಠಣ್ ಅರ್ಧವೇ ಕೇಳುತ್ತದೆ.
ನಲವತ್ತು ವರ್ಷದ ಏಟು
ಎಡಗಿವಿಯನ್ನು ತಿಂದು ಮುಗಿಸಿದೆ. ಕಣ್ಣು ಮುಚ್ಚಿ
ಅಂಗೈಯಿಂದ ಕೇಳಿಸಿಕೊಳ್ಳುತ್ತಾರೆ.

ಬಲಗಡೆಯದು ಅವರದು. ಎರಡು ದಿನ.
ಎಡಗಡೆಯದು ಅರ್ಧ ಆಗಿದ್ದಾಗ
ಶುಕ್ರವಾರದ ನಮಾಜಿಗೆ ಹೊರಟರು. ‘ಮುಟ್ಟಬೇಡ’ ಅನ್ನಲಿಲ್ಲ.
‘ಬಡಿ’ ಅಂತಲೂ ಅನ್ನಲಿಲ್ಲ.
ನಾನು ಬಡಿದೆ.
ಕೈ ಕೂಡಿ ಬಂದಿತ್ತು, ತಗಡು ಬೆಣ್ಣೆಯಾಗಿತ್ತು,
ಎಲ್ಲಿ ನಿಲ್ಲಿಸಬೇಕಿತ್ತೋ ಅಲ್ಲಿಂದಾಚೆ ಮೂರು ಏಟು.
ಹಿಗ್ಗಿದ್ದು ಹಿಗ್ಗಿತು.

ಬಂದರು. ಟೋಪಿ ತೆಗೆದು ಜೇಬಿಗಿಟ್ಟರು.
ಅಂಗೈ ಹರಿಸಿದರು, ಮುಂದಿನಿಂದ ಹಿಂದಕ್ಕೆ.
ಒಂದು ಕಡೆ ನಿಂತಿತು ಕೈ.
ಕಣ್ಣು ತೆರೆದು ನನ್ನನ್ನು ನೋಡಿದರು, ಸುತ್ತಿಗೆ ಎತ್ತಿದರು,
ಕೆಳಗಿಟ್ಟರು. ‘ಟೀ ತಗೊಂಬಾ, ಎರಡು.’
ಅಷ್ಟು ವರ್ಷದಲ್ಲಿ ನನಗೂ ಸೇರಿಸಿ ಹೇಳಿದ್ದು ಅವತ್ತೇ.

ಬಣ್ಣಕ್ಕೆ ಮುಂಚೆ ಡಾಕ್ಟರು ಟೇಪು ಹಿಡಿದು ಬಂದರು.
ಹಲ್ಲು ಅಳೆಯುವ ಕಣ್ಣು. ‘ಎಡಗಡೆ ಒಂದು ನೂಲು ಜಾಸ್ತಿ ಅಲ್ವಾ?
ಬಲಗಡೆಗೆ ಸ್ವಲ್ಪ ಪಟ್ಟಿ ತುಂಬಿ ಸಮ ಮಾಡಿ.’
ಪಟ್ಟಿ ಎಂಬ ಮಾತಿಗೆ ಮೇಸ್ತ್ರಿಯ ಮುಖ
ಹುಣಸೆಕಾಯಿ ಕಚ್ಚಿದ ಹಾಗಾಯಿತು.
‘ಆ ಕಡೆ ಕಿವಿ ಕೇಳಲ್ಲ ನಂಗೆ ಸಾರ್,
ಅದಕ್ಕೇ ಆ ಕಡೆ ಒಂದೆರಡು ಜಾಸ್ತಿ ಬಿದ್ದಿರುತ್ತೆ.
ಕೂಲಿಯಲ್ಲಿ ಇನ್ನೂರು ಮುರ್ಕೊಳ್ಳಿ.’

ನಾನು ಡಬ್ಬಿಯಲ್ಲಿ ರಿವೆಟ್ಟು ಹುಡುಕುತ್ತಿದ್ದೆ.
ಯಾವ ರಿವೆಟ್ಟೂ ಬೇಕಿರಲಿಲ್ಲ.

ಈಗಲೂ ಆ ಫಿಯೆಟ್ಟು ಸಂತೆ ಬೀದಿಯಲ್ಲಿ ಹಾದುಹೋಗುತ್ತದೆ,
ಕಡುಗೆಂಪು, ಹುಡುಗರು ತಿರುಗಿ ನೋಡುತ್ತಾರೆ.
ಎಡಗಡೆ, ಟಯರಿನ ನೆತ್ತಿಗಿಂತ ಒಂದು ಗೇಣು ಹಿಂದೆ,
ಬಿಸಿಲು ಒಂದು ಕ್ಷಣ ಎಡವುತ್ತದೆ.
ಗೊತ್ತಿರುವುದು ಇಬ್ಬರಿಗೆ.
ಒಬ್ಬರು ಈಚೆಗೆ ಕೊರಡಿನ ಹತ್ತಿರ ಕುರ್ಚಿ ಹಾಕಿಕೊಂಡು
ಬಲಗಿವಿಯನ್ನು ನನ್ನ ಸುತ್ತಿಗೆಯತ್ತ ತಿರುಗಿಸಿ ಕೂರುತ್ತಾರೆ.